ತಿಳಿ ಬಣ್ಣದ ತಕರಾರು

ಗಾಢ ಬಣ್ಣ ಇಷ್ಟಪಡುವವರು ಪುಣ್ಯವಂತರು. ಗಿಳಿಹಸಿರು ಬೇಕೆಂದರು, ಅಂಗಡಿಯವರು ಕೊಟ್ಟರು, ಬಳಿಸಿದ್ದಾಯಿತು. ಇಡೀ ಬೀದಿ ಮೂಗು ಮುರಿದರೂ ಅದು ಗಿಳಿಹಸಿರೇ. "ನಮಗೇನೂ ಆಸೆಯಿಲ್ಲಪ್ಪ, ಯಾವುದಾದರೊಂದು ಲೈಟ್ ಕಲರ್ ಸಾಕು" ಎನ್ನುವ ನಮ್ಮಂಥ ಸಾತ್ವಿಕರ ಪಾಡು ಬೇರೆ. ಶೇಡ್ ಕಾರ್ಡ್ ಬಿಚ್ಚಿದರೆ ಪುಟಗಟ್ಟಲೆ ಲೈಟ್ ಕಲರುಗಳೇ; ಒಂದಕ್ಕೂ ಪಕ್ಕದ್ದಕ್ಕೂ ಇರುವ ವ್ಯತ್ಯಾಸ ಹೆಂಡತಿಗೆ ಮಾತ್ರ ಕಾಣುತ್ತದೆ.

ಅಜ್ಜಿಯ ಕಾಲದಲ್ಲಿ ಈ ರಗಳೆ ಇರಲಿಲ್ಲ. ದಸರಾ ಹತ್ತಿರ ಬಂದರೆ ಸುಣ್ಣದ ಕಲ್ಲು ತಂದು ನೀರಿಗೆ ಹಾಕುತ್ತಿದ್ದರು. ಅದು ಕೊತಕೊತ ಕುದಿದು ಅರಳಿ ತಣ್ಣಗಾದ ಮೇಲೆ ಇಷ್ಟು ಅಂಟು, ಬಟ್ಟೆಗೆ ಹಾಕುವ ನೀಲಿ ಒಂದು ಚಿಟಿಕೆ. ಸುಣ್ಣದ ಹಳದಿ ಛಾಯೆ ಅಡಗಿ ಗೋಡೆ ಬೆಳ್ಳಗೆ ಕಾಣಲಿ ಅಂತ ಆ ನೀಲಿ. ಕೈ ತಪ್ಪಿ ನೀಲಿ ಹೆಚ್ಚಾದರೆ ಆ ವರ್ಷ ತಿಳಿನೀಲಿ ಮನೆ, ಅಷ್ಟೆ. ಯಾರ ಒಪ್ಪಿಗೆಯೂ ಬೇಕಿರಲಿಲ್ಲ.

ಆಮೇಲೆ ಬಂದವನು ಗಟ್ಟು. ನಮ್ಮ ಮೈಸೂರಿನಲ್ಲೇ ಹುಟ್ಟಿದ ಆರ್.ಕೆ. ಲಕ್ಷ್ಮಣ್ 1954ರಲ್ಲಿ ಏಷಿಯನ್ ಪೇಂಟ್ಸ್‌ಗೆ ಬರೆದುಕೊಟ್ಟ ತುಂಟ ಹುಡುಗ. ಅವನ ಕೈಯ ಡಬ್ಬದಲ್ಲಿ ಯಾವ ಶೇಡ್ ಇದೆ ಎಂದು ಯಾರೂ ಕೇಳಲಿಲ್ಲ. 2002ರಲ್ಲಿ ಕಂಪನಿ ಅವನನ್ನು ನಿವೃತ್ತಿ ಮಾಡಿತು ಎನ್ನುತ್ತಾರೆ. ಶೇಡ್ ಕಾರ್ಡ್ ದಪ್ಪವಾಗುವುದನ್ನು ಕಂಡು ಅವನೇ ಪರಾರಿಯಾದ ಎಂಬುದು ನನ್ನ ಗುಮಾನಿ.

ಈಗ ಅಂಗಡಿಯಲ್ಲಿ ಮೆಷಿನ್ನಿದೆ. ಬಕೆಟ್ ತುಂಬ ಬಿಳಿ ಬೇಸ್, ಅದರ ಮೇಲೆ ಹಳದಿ, ಕೆಂಪು, ಕಪ್ಪು ಕೆಲವೇ ಹನಿ. ನಾವು ಮನೆಮಂದಿಯೆಲ್ಲ ಕೂತು ಜಗಳವಾಡಿದ್ದು ಆ ಹನಿಗಳಿಗಾಗಿ!

"ಇದು ಬೇಡ ರೀ, ನಿಮ್ಮ ತಂಗಿ ಮನೆ ಅಡುಗೆಮನೇದು" ಎಂದಳು ಹೆಂಡತಿ. ಇನ್ನೊಂದನ್ನು ನೋಡಿ ಅಮ್ಮ, "ಆಸ್ಪತ್ರೆ ಇದ್ದ ಹಾಗಿದೆ ಕಣೋ" ಎಂದಳು. ಪೇಂಟಿಂಗ್ ಮೇಸ್ತ್ರಿ ಮಾತ್ರ ನಿರ್ಲಿಪ್ತ: "ಐವರಿ ಹೊಡೆಸ್ಬಿಡಿ ಸಾರ್, ಎಲ್ರೂ ಅದೇ ಹೊಡೆಸೋದು."

ನಿಜವಾದ ತೊಡಕು ಕಾರ್ಡಿನಲ್ಲಿಲ್ಲ, ಮನೆಯಲ್ಲಿದೆ. ನಮ್ಮದು ಹಳೆಯ ರೆಡ್ ಆಕ್ಸೈಡ್ ನೆಲ, ಒರೆಸಿ ಒರೆಸಿ ಮುಖ ಕಾಣುವಷ್ಟು ನುಣುಪಾಗಿದೆ. ಮೇಸ್ತ್ರಿ ಹಾಲ್‌ನಲ್ಲಿ ಹೊಡೆದು ತೋರಿಸಿದ ಕ್ರೀಮ್, ಕಿಟಕಿಯ ಬಿಸಿಲು ನೆಲಕ್ಕೆ ಬಿದ್ದ ಕೂಡಲೇ ಸೊಂಟದ ಮಟ್ಟದವರೆಗೆ ಗುಲಾಬಿಯಾಯಿತು. ಮೇಲೆ ಕ್ರೀಮೇ ಉಳಿಯಿತು. ಮಧ್ಯಾಹ್ನ ಎದುರುಮನೆಯ ಹಸಿರು ಗೋಡೆ ತನ್ನ ಪಾಲು ಕಳಿಸಿತು. ರಾತ್ರಿ 6500 ಕೆಲ್ವಿನ್ನಿನ ಎಲ್‌ಇಡಿ ಹಾಕಿದರೆ ಅದೇ ಗೋಡೆ ನೀಲಿಗೆ ತಿರುಗಿತು, 3000ದ್ದು ಹಾಕಿದರೆ ಹಳದಿಗೆ. ತಿಳಿ ಬಣ್ಣಕ್ಕೆ ಸ್ವಂತದ್ದೆಂದು ಏನೂ ಇಲ್ಲ, ಪೂರ್ತಿ ಸಾಲದ ಸಂಸಾರ. ಗಾಢ ಬಣ್ಣವಾದರೆ ನೆಲ ಹೇಳಿದ್ದನ್ನೆಲ್ಲ ಹೀಗೆ ಕೇಳುತ್ತಿತ್ತೇ?

ಸಾಲದ್ದಕ್ಕೆ ಎಮಲ್ಷನ್ ಹಸಿಯಾಗಿದ್ದಾಗ ತಿಳಿ, ಒಣಗಿದರೆ ಒಂದು ಕೂದಲೆಳೆ ಗಾಢ. ಬೆರಳಗಲದ ಕಾರ್ಡಿನಲ್ಲಿ ಸಾಧುವಾಗಿದ್ದದ್ದು ನಾಲ್ಕೂ ಗೋಡೆಗೆ ಏರಿದಾಗ, ಒಂದರ ಬಣ್ಣ ಇನ್ನೊಂದರ ಮೇಲೆ ಬಿದ್ದು, ಇನ್ನಷ್ಟು ಗಟ್ಟಿಯಾಗುತ್ತದೆ. ಆದ್ದರಿಂದ ಮನಸ್ಸಿಗೆ ಹಿಡಿಸಿದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯಾದದ್ದನ್ನೇ ಆರಿಸಬೇಕು. ನಾವು ದೊಡ್ಡ ರಟ್ಟಿಗೆ ಎರಡು ಕೋಟ್ ಹೊಡೆಸಿ, ಅದನ್ನು ದೇವರ ಪಟದಂತೆ ಎದೆಗಾನಿಸಿಕೊಂಡು ಕೋಣೆ ಕೋಣೆಗೆ ಮೆರವಣಿಗೆ ಹೊರಟೆವು. ಮೇಸ್ತ್ರಿ ಬೀಡಿ ನೆಪದಲ್ಲಿ ಹೊರಗೆ ಹೋಗಿ ನಕ್ಕುಬಂದ.

ಕೊನೆಗೆ ಬೂದುಬಣ್ಣ ಒಂಚೂರು ಬೆರೆತ ಬಿಳಿಗೆ ಎಲ್ಲರೂ ಒಪ್ಪಿದೆವು. ಕೆಲಸ ಮುಗಿದ ಮೇಲೆ ಪಕ್ಕದ ಮನೆಯ ಹಿರಿಯರು ಬಂದು, ಕನ್ನಡಕ ಮೇಲೇರಿಸಿ, ಗೋಡೆಯನ್ನು ಮುಟ್ಟಿ ನೋಡಿ ಮೆಚ್ಚಿದರು: "ಪ್ರೈಮರ್ ಚೆನ್ನಾಗಿ ಕೂತಿದೆ. ಬಣ್ಣ ಯಾವತ್ತು ಶುರು?"

ಬೇಸರವೇನಿಲ್ಲ. ದಸರಾ ಗೊಂಬೆ ನೋಡಲು ನೀವೂ ಬನ್ನಿ, ಕಾಫಿ ಕುಡಿದು ಹೋಗಿ. ತಲೆಗೆ ಎಣ್ಣೆ ಹಚ್ಚಿಕೊಂಡಿದ್ದರೆ ಮಾತ್ರ ದಯವಿಟ್ಟು ಗೋಡೆಗೆ ಒರಗಬೇಡಿ.