ಒಂದು ಟಿಕೆಟ್ಟಿಗೆ ಎಷ್ಟು ಕಾಯಿ?

ಎಸ್ಸೆಸ್ಸೆಲ್ಸಿಯ ವಿಜ್ಞಾನದಲ್ಲಿ ಸರಿಯಾಗಿ 35 ಅಂಕ ತೆಗೆದು, ಆಮೇಲೆ ಆ ಕಡೆ ತಲೆ ಹಾಕಿಯೂ ಮಲಗದ ನನಗೆ, ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ವೈಜ್ಞಾನಿಕ ಮನೋಭಾವ ಉಕ್ಕಲು ಶುರುವಾಯಿತು. 2024ರ ಬೇಸಿಗೆ ರಜೆ. ಬಿಡದಿ ಹತ್ತಿರದ ಮನರಂಜನಾ ಪಾರ್ಕಿಗೆ ಮಕ್ಕಳನ್ನು ಕರಕೊಂಡು ಹೋಗೋಣ ಅಂತ ಹೆಂಡತಿ ಕೇಳಿದಳು. "ಹೂಂ" ಅಂದು ಸುಮ್ಮನಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. "ಕುಣಿದು ಬರೋಕಾದರೆ ಊರ ಜಾತ್ರೆ ಸಾಕು. ನಾವು ಕಲಿತು ಬರಬೇಕು" ಅಂದುಬಿಟ್ಟೆ.

ರಾತ್ರಿಯೆಲ್ಲ ಮೊಬೈಲು ಕೆದಕಿ "ನೋಡಿ ತಿಳಿ" ಎಂಬ ಪ್ರಶ್ನಾವಳಿ ಸಿದ್ಧಪಡಿಸಿ, ತಿಪಟೂರಿಗೆ ಹೋಗಿ ಜೆರಾಕ್ಸ್ ಮಾಡಿಸಿ ತಂದೆ. ನಾಲ್ಕನೇ ಕ್ಲಾಸಿನ ದೊಡ್ಡವಳಿಗೆ ಒಂದು ಕಟ್ಟು, ಒಂದನೇ ಕ್ಲಾಸಿನ ಚಿಕ್ಕೋನಿಗೆ ಚಿತ್ರ ಬರೆಯೋಕೆ ಜಾಗ ಬಿಟ್ಟ ಇನ್ನೊಂದು ಕಟ್ಟು. ಕಳೆದುಹೋಗದಿರಲೆಂದು ಪೆನ್ಸಿಲ್ಲಿಗೆ ದಾರ ಕಟ್ಟಿ ಇಬ್ಬರ ಕೊರಳಿಗೂ ಹಾಕಿದೆ. ನಮ್ಮಪ್ಪ ನೋಡಿ, "ಏನ್ಲಾ ಇದು, ಜಾನುವಾರು ಜಾತ್ರೆಗೆ ಹೊರಟಂಗೈತೆ" ಅಂದರು. ಅವರೂ ಬರುವವರಿದ್ದರು.

ಹೊನ್ನವಳ್ಳಿ ಕಡೆಯ ನಮ್ಮ ತೋಟದ ಮನೆಯಿಂದ ನಸುಕಿಗೇ ಹೊರಟು ತುರುವೇಕೆರೆ, ಮಾಯಸಂದ್ರ, ಕುಣಿಗಲ್, ಮಾಗಡಿ ಹಾದು ಹೋಗುವ ದಾರಿ. ಕಾರು ರಸ್ತೆಗಿಳಿಯುತ್ತಲೇ ಪಾಠ ಶುರು. 1893ರಲ್ಲಿ ಶಿಕಾಗೊ ವಸ್ತುಪ್ರದರ್ಶನಕ್ಕೆ ಫೆರ್ರಿಸ್ ಎಂಬ ಎಂಜಿನಿಯರು ಕಟ್ಟಿದ ದೈತ್ಯ ಚಕ್ರ 264 ಅಡಿ ಎತ್ತರ ಇತ್ತು, ಅದಕ್ಕೆ 36 ಡಬ್ಬಿ ತೂಗುಹಾಕಿದ್ದರು ಅಂದೆ. ತುರುವೇಕೆರೆ ಬರುವಷ್ಟರಲ್ಲಿ ಚಿಕ್ಕೋನು ಗೊರಕೆ. ದೊಡ್ಡವಳನ್ನು ಬಿಡಲಿಲ್ಲ. 1895ರಲ್ಲಿ ನ್ಯೂಯಾರ್ಕಿನ ಕೋನಿ ದ್ವೀಪದಲ್ಲಿ ರೈಲನ್ನು ಪೂರಾ ದುಂಡನೆಯ ಸುತ್ತಿನಲ್ಲಿ ತಲೆಕೆಳಗು ಓಡಿಸಿದರು, ಸುತ್ತಿನ ಬುಡದಲ್ಲಿ ಭಾರ ಒಂದೇ ಸಲ ಏರಿ ಕೂತವರ ಕುತ್ತಿಗೆಗೆ ಪೆಟ್ಟಾಗುತ್ತಿತ್ತು, ಅದಕ್ಕೇ ಈಗಿನ ಸುತ್ತುಗಳು ಮೇಲೆ ಕಿರಿದಾಗಿ ನೀರಿನ ಹನಿಯ ಆಕಾರದಲ್ಲಿರುತ್ತವೆ, 1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅಂಥದ್ದು ಬಂತು ಅಂತ ಉಸಿರು ಬಿಡದೆ ಹೇಳಿದೆ.

"ಕುತ್ತಿಗೆ ಉಳುಕಿದೋರಿಗೆ ದುಡ್ಡು ವಾಪಸ್ ಕೊಟ್ರಾ ಅಪ್ಪ?"

ಅದು ಪ್ರಶ್ನಾವಳಿಯಲ್ಲಿರಲಿಲ್ಲ.

ಬಿಡದಿಗೆ ಬಂದು ತಟ್ಟೆ ಇಡ್ಲಿ ತಿನ್ನದೆ ಮುಂದೆ ಹೋಗುವುದುಂಟೆ? ಎರಡು ಇಡ್ಲಿ, ಮೇಲೊಂದು ವಡೆ, ಅದರ ಮೇಲೆ ಇನ್ನೊಂದು ಇಡ್ಲಿ ಹೊಡೆದೆ. ಪಾಠ ಮಾಡುವವನಿಗೆ ಶಕ್ತಿ ಬೇಕಲ್ಲ.

ಪಾರ್ಕಿನ ಟಿಕೆಟ್ ಕಿಟಕಿಯಲ್ಲಿ ನನ್ನ ಕೈಯಿಂದ ಪಾಠ ಜಾರಿತು. ದರದ ಹಲಗೆ ನೋಡಿದ ನಮ್ಮಪ್ಪ, "ತಲೆಗೆ ಹೆಚ್ಚುಕಮ್ಮಿ ಹತ್ತು ಕೆ.ಜಿ. ಗಿಟುಕು" ಅಂದರು. ಆ ವರ್ಷ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ. ಅವರ ತಲೆಯೊಳಗೆ ರೂಪಾಯಿಯ ನೋಟು ಓಡಾಡಲ್ಲ, ಕೊಬ್ಬರಿಯೇ ಓಡಾಡೋದು. ದೊಡ್ಡವಳು ಥಟ್ಟನೆ ಪೆನ್ಸಿಲ್ ಎತ್ತಿಕೊಂಡಳು. "ಕೆ.ಜಿ.ಗೆ ಎಷ್ಟು ಕಾಯಿ ತಾತ?"

"ಏಳೋ ಎಂಟೋ ತೂಗ್ತಾವೆ ಕಣವ್ವ."

"ಹಂಗಾದ್ರೆ ಟಿಕೆಟ್ಟಿಗೆ ಎಪ್ಪತ್ತೈದು ಕಾಯಿ!"

"ಅಂದ್ರೆ ಒಂದು ಒಳ್ಳೆ ಮರದ ಒಂದು ವರ್ಷದ ಫಸಲು. ನಾವು ಐದು ಜನ, ಐದು ಮರ. ಕೆಡವಿದ ಮೇಲೆ ಇನ್ನೂ ಹತ್ತು ಹನ್ನೊಂದು ತಿಂಗಳು ಅಟ್ಟದ ಮ್ಯಾಲೆ ಕೂತು, ಒಳಗಿನ ನೀರೆಲ್ಲ ಹಿಂಗಿ, ಸುಲಿದು, ಚಿಪ್ಪು ಒಡೆದು ಗಿಟುಕು ತೆಗೀಬೇಕು. ಎಲ್ಲಾ ಯಾಕೆ ಅಂದ್ರೆ, ಇವತ್ತು ನಿಮ್ಮಪ್ಪನ್ನ ತಲೆಕೆಳಗು ಮಾಡೋಕೆ."

ನಾನು ಕೊಟ್ಟ ಪ್ರಶ್ನೆಗಳ ಹಿಂಬದಿಯ ಖಾಲಿ ಜಾಗದಲ್ಲಿ ಅವಳು ಇಷ್ಟನ್ನೂ ಅಚ್ಚುಕಟ್ಟಾಗಿ ಬರೆದುಕೊಂಡಳು. ಮುಂಬದಿ ಹಾಗೇ ಇತ್ತು.

ರೋಲರ್ ಕೋಸ್ಟರಿನ ಸರದಿಯಲ್ಲಿ ನಿಂತಾಗ ಗುರುತ್ವದ ಪಾಠ ಎತ್ತಿಕೊಂಡೆ. ಅರವತ್ತು ಅಡಿ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟೋಕೆ ಎರಡು ಸೆಕೆಂಡೂ ಬೇಡ, ಅಷ್ಟರಲ್ಲಿ ಅದರ ವೇಗ ಗಂಟೆಗೆ ಸುಮಾರು 68 ಕಿ.ಮೀ. ಆಗಿರುತ್ತೆ ಅಂದೆ. ಚಿಕ್ಕೋನು ಆಕಳಿಸಿದ. "ಗೊತ್ತಪ್ಪ. ಅದಕ್ಕೇ ಕಾಯಿ ಕೆಡವೋವಾಗ ಮರದ ಕೆಳಗೆ ನಿಲ್ಬಾರದು." ಅವನು ಚಡ್ಡಿ ಹಾಕಿಕೊಳ್ಳುವುದಕ್ಕೂ ಮೊದಲೇ ಕಲಿತ ವಿದ್ಯೆ ಅದು.

ಹೆಂಡತಿ ಬಿಸಿಲಿಗೆ ಬೆವರೊರೆಸಿಕೊಳ್ಳುತ್ತಿದ್ದಳು. ನಮ್ಮಪ್ಪನಿಗೆ ಮಾತ್ರ ಆ ಸರದಿ ಒಂದು ಲೆಕ್ಕವೇ ಅಲ್ಲ. "ಕೊಬ್ಬರಿ ನೋಂದಣಿಗೆ ರಾತ್ರಿಯೆಲ್ಲ ನಿಂತೋನು ನಾನು. ಇಲ್ಲಿ ನೆರಳಾದ್ರೂ ಐತೆ" ಅಂದರು.

ಬಾಗಿಲಿಗೆ ಬಂದಾಗ ತಿಳಿಯಿತು, ಗೋಡೆಯ ಮೇಲೆ ಎಳೆದ ಗೆರೆಗಿಂತ ಎತ್ತರವಿದ್ದವರಿಗಷ್ಟೇ ಪ್ರವೇಶ. ಇಬ್ಬರು ಮಕ್ಕಳೂ ಗಿಡ್ಡ. ಐದು ಹಾಳೆಯ ಪಾಠವೆಲ್ಲ ಆ ರೋಲರ್ ಕೋಸ್ಟರಿನ ಮೇಲೆ ನಿಂತಿತ್ತು. "ಪರವಾಗಿಲ್ಲ, ನಾನೇ ಕೂತು ನೋಡಿ ಬಂದು ವಿವರಿಸ್ತೀನಿ. ನೀವು ಕೆಳಗಿಂದ ಗಮನಿಸಿ ಬರೀರಿ" ಅಂದೆ. "ರೀ, ಬೇಡ ರೀ, ಇಡ್ಲಿ ಇನ್ನೂ ಇಳಿದಿಲ್ಲ" ಅಂದಳು ಹೆಂಡತಿ. ವಿಜ್ಞಾನಿಗಳನ್ನು ಮನೆಯವರು ಯಾವ ಕಾಲದಲ್ಲೂ ತಡೆದೇ ಇದ್ದಾರೆ.

ಮೇಲೇರುವಾಗ ಶಕ್ತಿ ಕೂಡಿಕೊಳ್ಳುತ್ತದೆ, ಇಳಿಯುವಾಗ ಅದೇ ವೇಗವಾಗುತ್ತದೆ. ಇದು ಪುಸ್ತಕದ ಮಾತು. ನನಗೆ ನೆನಪಿರುವುದು ಇಷ್ಟೇ: ತುದಿಯಲ್ಲಿ ಒಂದು ಗಳಿಗೆ ಎಲ್ಲ ನಿಂತಂತಾಯಿತು, ದೂರದ ಗುಡ್ಡ ಕಂಡಿತು, ಪಕ್ಕದಲ್ಲಿದ್ದ ಕಾಲೇಜು ಹುಡುಗ "ಅಂಕಲ್, ಹಿಡ್ಕೊಳ್ಳಿ" ಅಂದ. ಆಮೇಲೆ ಆಕಾಶ ಕಾಲ ಕೆಳಗೆ. ನಮ್ಮನೆ ದೇವರ ಹೆಸರನ್ನು ಅಷ್ಟು ಗಟ್ಟಿಯಾಗಿ ನಾನು ದೇವಸ್ಥಾನದಲ್ಲೂ ಕೂಗಿಲ್ಲ.

ಇಳಿದವನು ನೇರ ಕಸದ ಡಬ್ಬಿಯ ಕಡೆ ಓಡಿದೆ. ತಟ್ಟೆ ಇಡ್ಲಿ ಬಂದ ದಾರಿಯಲ್ಲೇ ವಾಪಸ್ಸು. ನಮ್ಮಪ್ಪ ಬೆನ್ನು ಸವರುತ್ತ, "ಅಟ್ಟದ ಕಾಯಿ ಅಲ್ಲಾಡಿಸಿ ನೋಡ್ದಂಗೆ ನೋಡವ್ರೆ ಕಣ್ಲಾ. ಒಳಗಿನ್ನೂ ನೀರೈತೆ, ನೀನು ಒಣಗಿಲ್ಲ" ಅಂದರು. ಮಕ್ಕಳು ಕಲ್ಲುಬೆಂಚಿನ ಮೇಲೆ ಕೂತು ತದೇಕಚಿತ್ತದಿಂದ ಬರೆಯುತ್ತಿದ್ದರು. ದೊಡ್ಡವಳ ಹಾಳೆಯಲ್ಲಿತ್ತು:

"ಪ್ರಶ್ನೆ 7: ಇಳಿಯುವಾಗ ಏನು ಬದಲಾಯಿತು? ಉತ್ತರ: ಅಪ್ಪನ ಬಣ್ಣ."

ಚಿಕ್ಕೋನು ಚಿತ್ರ ಬರೆದಿದ್ದ. ಬಾಯಿ ಮಾತ್ರ ಹಾಳೆಯ ಅರ್ಧ ಇತ್ತು.

ಉಳಿದ ಹಾಳೆಗಳನ್ನು ಅಲೆಯ ಕೊಳ ತೆಗೆದುಕೊಂಡಿತು. ಅಲೆ ಮುಂದೆ ಬಂದರೂ ನೀರು ಬಹುಪಾಲು ಇದ್ದಲ್ಲೇ ಇರುತ್ತೆ ಅಂತ ತೋರಿಸಲು ಕಟ್ಟನ್ನು ಕೈಯಲ್ಲಿ ಹಿಡಿದೇ ಇಳಿದಿದ್ದೆ. ನೀರು ಇದ್ದಲ್ಲೇ ಇತ್ತೋ ಏನೋ, ನಾನು ಇರಲಿಲ್ಲ. ಮಕ್ಕಳು ಸಂಜೆವರೆಗೆ ನೀರಿನಿಂದ ಏಳಲಿಲ್ಲ. ನಾನು ದಡದಲ್ಲಿ ನಿಂಬೆಹಣ್ಣು ಮೂಸುತ್ತ ಕೂತೆ.

ವಾಪಸ್ಸು ಬರುವಾಗ ಕುಣಿಗಲ್ಲಿನ ಹೋಟೆಲಲ್ಲಿ ಮಕ್ಕಳು ದರಪಟ್ಟಿ ಓದುತ್ತಿದ್ದರು. ಮಸಾಲೆ ದೋಸೆ ಐದು ಕಾಯಿ, ಕಾಫಿಗೆ ಒಂದು ಕಾಯಿ ಕೊಟ್ಟು ಸ್ವಲ್ಪ ಚಿಲ್ಲರೆ. ಸಪ್ಲೈಯರ್ ನಮ್ಮ ಟೇಬಲ್ಲನ್ನು ಎರಡು ಸಲ ತಿರುಗಿ ನೋಡಿದ. ದೊಡ್ಡವಳು ಒದ್ದೆಯಾಗಿ ಒಣಗಿದ ಹಾಳೆ ಬಿಡಿಸಿ ಇಡೀ ದಿನದ ಖರ್ಚನ್ನು ಕೂಡಿಸುತ್ತ ನಡುವೆ ಪೆನ್ಸಿಲ್ ನಿಲ್ಲಿಸಿದಳು.

"ತಾತ, ಬೆಳಿಗ್ಗೆ ಅಪ್ಪ ತಿಂದಿದ್ದನ್ನೂ ಹಾಕ್ಬೇಕಾ? ಅದು ಹೊಟ್ಟೇಲಿ ಉಳೀಲೇ ಇಲ್ವಲ್ಲ."

"ಹಾಕವ್ವ. ನಷ್ಟದ ಬಾಬ್ತು ಅಂತ ಬೇರೆ ಬರಕೋ."

ಬಾಬ್ತು ಬರೆಯುವುದು ಹೇಗೆ ಅಂತ ಅವಳು ನನ್ನ ಕಡೆ ತಿರುಗಿದಳು. ಅದೊಂದನ್ನು ನಾನೇ ಹೇಳಿಕೊಟ್ಟೆ.