ಸಂದರ್ಶನ: ಬಳಸುವ ಮುನ್ನ ಓದಿ

ಪೆಟ್ಟಿಗೆಯಲ್ಲಿರುವ ಸಾಮಾನು: ಎಸ್ಸೆಸ್ಸೆಲ್ಸಿಯಿಂದ ಡಿಪ್ಲೊಮಾವರೆಗಿನ ಮಾರ್ಕ್ಸ್ ಕಾರ್ಡು, ಮೂರು ಸೆಟ್ ಜೆರಾಕ್ಸ್, ಕಾಕಾನ ಮಗನ ಬೂಟು (ಒಂದು ನಂಬರ್ ದೊಡ್ಡದು, ತುದಿಗೆ ಹತ್ತಿ ತುರುಕಿ), ಅವ್ವ ಕಟ್ಟಿಕೊಟ್ಟ ರೊಟ್ಟಿ ಮತ್ತು ರಂಜಕದ (ಕೆಂಪು ಮೆಣಸಿನಕಾಯಿ ಚಟ್ನಿ) ಡಬ್ಬಿಯ ಗಂಟು.

ಎಚ್ಚರಿಕೆ: ಗಂಟು ಮತ್ತು ಫೈಲು ಒಂದೇ ಚೀಲದಲ್ಲಿ ಬೇಡ. ನನ್ನ ಒಂದು ಸೆಮಿಸ್ಟರಿನ ಕಾರ್ಡಿಗೆ ರಂಜಕದ ಎಣ್ಣೆ ಹತ್ತಿ, ಸರಿಯಾಗಿ ಗಣಿತದ ಅಂಕದ ಮೇಲೆಯೇ ಹರಡಿತ್ತು. ಸಂದರ್ಶನದಲ್ಲಿ ಎದುರಿಗೆ ಕೂತವರು ಅದನ್ನು ಬೆಳಕಿಗೆ ಹಿಡಿದರು, ಅಂಕ ತಿದ್ದಿದ್ದಾನೆಂಬ ಗುಮಾನಿ. ಆಮೇಲೆ ಮೂಸಿ ನೋಡಿ ಕೆಳಗಿಟ್ಟರು.

ಜೋಡಣೆ: ನಮ್ಮೂರು ಪಾಲಬಾವಿಯಿಂದ ರಾಯಬಾಗ ಸ್ಟೇಷನ್ನಿಗೆ ಬಂದು ರಾಣಿ ಚನ್ನಮ್ಮ ರೈಲು ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಇಸ್ತ್ರಿ ಅಂಗಿ ತೊಟ್ಟು ಮಲಗಬೇಡಿ.

ಚಾಲನೆ: "ಯಾವೂರು?" ಎಂದರೆ "ಬೆಳಗಾವಿ" ಎನ್ನುವುದು ನಮ್ಮ ಹುಡುಗರ ರೂಢಿ. ಪಾಲಬಾವಿ ಎಂದೇ ಹೇಳಿ. "ಅದೆಲ್ಲಿ ಬರುತ್ತೆ?" ಎಂದು ಕೇಳುತ್ತಾರೆ. ಇಡೀ ಸಂದರ್ಶನದಲ್ಲಿ ನಿಮಗೆ ಖಾತ್ರಿಯಾಗಿ ಗೊತ್ತಿರುವ ಉತ್ತರ ಅದೊಂದೇ, ಕಳಕೊಳ್ಳಬೇಡಿ. ರೊಕ್ಕ ಕೊಟ್ಟು ತಂದ ಪ್ರಾಜೆಕ್ಟನ್ನು ನಾನೇ ಮಾಡಿದ್ದು ಎನ್ನಬೇಡಿ, ಎರಡನೇ ಪ್ರಶ್ನೆಗೇ ಮೋಟಾರು ಸುಡುತ್ತದೆ.

ಎರಡು ಕಂಪನಿಗೆ "ಬರ್ತೀನ್ರಿ ಸರ್" ಎಂದು ಒಂದಕ್ಕೆ ಫೋನೂ ಎತ್ತದವರಿದ್ದಾರೆ. ಇಬ್ಬರು ಟ್ರ್ಯಾಕ್ಟರ್ ಮಾಲೀಕರಿಂದ ಅಡ್ವಾನ್ಸ್ ಎತ್ತಿ, ಕಬ್ಬು ಕಡಿಯುವ ಹಂಗಾಮಿಗೆ ಆಳುಗಳ ಗ್ಯಾಂಗ್ ಸಮೇತ ಮಾಯವಾದ ಮುಕಾದಮನಿಗೆ ನಮ್ಮೂರ ಕಟ್ಟೆಯ ಮೇಲೆ ಬೀಳುವ ಬೈಗುಳ ನೀವೇ ಕೇಳಿದ್ದೀರಿ, ಇದೂ ಅದೇ ಕಥೆ. ಬರುವುದಿಲ್ಲವೆಂದರೆ ಒಂದು ಫೋನ್ ಮಾಡಿ, ಕ್ಯೂನಲ್ಲಿ ಮುಂದಿನವನಿಗೆ ಆ ಕುರ್ಚಿ ಸಿಗಲಿ.

ಮೇಜಿನ ಆಚೆ ಬದಿಗೆ: ಈ ಪುಟವನ್ನು ಯಾಕೋ ಯಾವ ಕೈಪಿಡಿಯಲ್ಲೂ ಅಚ್ಚು ಹಾಕುವುದಿಲ್ಲ. ಕರ್ನಾಟಕ ಲೋಕಸೇವಾ ಆಯೋಗದ (ಕೆಪಿಎಸ್‌ಸಿ) 2011ನೇ ಸಾಲಿನ 362 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳನ್ನೇ ನೋಡಿ. ಅಕ್ರಮದ ದೂರು, ಸಿಐಡಿ ತನಿಖೆ, 2014ರಲ್ಲಿ ಸರ್ಕಾರ ಪಟ್ಟಿ ಹಿಂಪಡೆಯಿತು, 2018ರಲ್ಲಿ ಹೈಕೋರ್ಟ್ ಆಯ್ಕೆ ರದ್ದು ಮಾಡಿತು, 2022ರಲ್ಲಿ ಕಾನೂನು ತಂದು ಆ ಆಯ್ಕೆಯನ್ನೇ ಸಿಂಧು ಮಾಡಿದರು. ಅಷ್ಟರಲ್ಲಿ ಸಂದರ್ಶನಕ್ಕೆಂದು ಹೊಲಿಸಿದ ಅಂಗಿ ಎಷ್ಟು ಜನರಿಗೆ ಬಿಗಿಯಾಯಿತೋ. ಕೇಂದ್ರದವರು 2016ರ ಜನವರಿ 1ರಿಂದ ಗ್ರೂಪ್ ಸಿ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ ಸಂದರ್ಶನವನ್ನೇ ತೆಗೆದುಹಾಕಿದರು. ರಿಪೇರಿಯಾಗದ ಮೋಟಾರನ್ನು ಬಾವಿಯಿಂದ ಮೇಲೆತ್ತಿದ ಹಾಗೆ. ಕೆಲಸ ಕೊಡಿಸಲು ಯಾರಾದರೂ ದುಡ್ಡು ಕೇಳಿದರೆ, ಎಷ್ಟು ಕಡಿಮೆಯಾದರೂ ಸರಿ, ಎದ್ದು ಬನ್ನಿ.

ದೋಷ ನಿವಾರಣೆ: "ತಿಳಿಸ್ತೀವಿ" ಎಂದರೆ ಹದಿನೈದು ದಿನ ಕಾಯಿರಿ, ಒಮ್ಮೆ ಕೇಳಿ, ಬಿಡಿ. ಊರ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಎಲ್ಲರೂ "ಏನಾತು?" ಎನ್ನುತ್ತಾರೆ. ಅವ್ವ ಮಾತ್ರ ಚೀಲ ಇಸಗೊಂಡು ಡಬ್ಬಿ ಅಲ್ಲಾಡಿಸಿ ನೋಡುತ್ತಾಳೆ: "ರಂಜಕ ಹಂಗ ಉಳಿಸಿಯಲ್ಲೋ?"