ನಮ್ಮೂರ ನೀರು ಒಲ್ಲದ ಕಾರು

ಅಡಿಕೆಗೆ ರೇಟು ಬಂದ ವರ್ಷ ಚನ್ನಗಿರಿ ಸೀಮೆಯಲ್ಲಿ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಮೊದಲು ಬೋರ್‌ವೆಲ್ಲಿಗೆ, ಆಮೇಲೆ ಮದುವೆಗೆ, ಉಳಿದರೆ ಕಾರಿಗೆ. ರಾಶಿ ಅಡಿಕೆ ಕ್ವಿಂಟಲಿಗೆ 50,000 ರೂಪಾಯಿ ದಾಟಿದಾಗ ನಮ್ಮ ಭಾವ ಈ ಕ್ರಮವನ್ನೇ ತಲೆಕೆಳಗು ಮಾಡಿ ಮೊದಲು ಕಾರು ತಂದರು. ಬೆಂಗಳೂರಿನ ಯಾರೋ ಡಾಕ್ಟರು ಓಡಿಸಿ ಬಿಟ್ಟ ಜರ್ಮನ್ ಕಾರು. ಬಾಗಿಲು ಹಾಕಿದರೆ ಹಾಕಿದ್ದೇ ಗೊತ್ತಾಗದಷ್ಟು ಮೆತ್ತಗೆ. ಬೀದಿಯವರಿಗೆ ಗೊತ್ತಾಗಲಿ ಎಂದು ಭಾವ ಎರಡೆರಡು ಸಲ ಹಾಕುತ್ತಿದ್ದರು.

ಅದರ ಡ್ಯಾಶ್‌ಬೋರ್ಡಿನಲ್ಲಿ ಒಂದು ಸಂಜೆ, ಸಂತೇಬೆನ್ನೂರಿನಿಂದ ಬರುವಾಗ, ನೀರಲ್ಲಿ ಅದ್ದಿದ ಥರ್ಮಾಮೀಟರಿನ ಚಿತ್ರ ಹೊತ್ತಿಕೊಂಡಿತು. ಬಾನೆಟ್ ಎತ್ತಿದರೆ ಒಳಗೆ ಇಂಜಿನ್ನೇ ಕಾಣಲಿಲ್ಲ; ಎಲ್ಲ ಕರಿ ಪ್ಲಾಸ್ಟಿಕ್ಕಿನ ಹೊದಿಕೆ. ಮೂಲೆಯಲ್ಲೊಂದು ಗುಂಡನೆಯ ಡಬ್ಬಿ, ಅದರೊಳಗೆ ನೇರಳೆ ಬಣ್ಣದ ನೀರು ಕೆಳಗಿನ ಗೆರೆಗಿಂತ ಬೆರಳಗಲ ಇಳಿದಿತ್ತು. ಮುಚ್ಚಳ ತಿರುವಲು ಹೋದ ಭಾವನ ಕೈ ಹಿಡಿದು ನಿಲ್ಲಿಸಿದೆ. ಬಿಸಿ ಇಂಜಿನ್ನಿನ ಮುಚ್ಚಳ ತೆಗೆದರೆ ಒತ್ತಡದಲ್ಲಿ ಕೂತ ನೀರು ಮುಖಕ್ಕೇ ಚಿಮ್ಮುತ್ತದೆ.

“ಕಮ್ಮಿ ಆಗಿರೋದು ನೀರು ತಾನೆ? ಸೂಳೆಕೆರೆ ನೀರು ಹಾಕಣ. ಚಿತ್ರದುರ್ಗದೋರೇ ಕುಡೀತಾರೆ, ಇದಕ್ಕೇನು ಧಾಡಿ?” ಅಂದರು ಭಾವ.

ಅವರ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ಸೂಳೆಕೆರೆ ಅಂದರೆ ಶಾಂತಿಸಾಗರ; ಅದರ ದಂಡೆಯಲ್ಲಿ ಹುಟ್ಟಿದವರಿಗೆ ನೀರಿನ ವಿಷಯದಲ್ಲಿ ಯಾರ ಹಂಗೂ ಇಲ್ಲ ಎಂಬ ಗತ್ತು ಇರುತ್ತದೆ. ಆದರೆ ಆ ಗತ್ತು ಬೇಸಿಗೆ ತನಕ ಮಾತ್ರ. 2024ರ ಬೇಸಿಗೆಯಲ್ಲಿ ಇದೇ ತಾಲ್ಲೂಕಿನವರು ಅಡಿಕೆ ಮರಗಳಿಗೆ ಟ್ಯಾಂಕರ್ ನೀರು ಹೊಡೆಸಿದ್ದರು. ಅಕ್ಕ ಹಜಾರದಿಂದಲೇ ಹೇಳಿದಳು: “ತೋಟಕ್ಕೆ ಟ್ಯಾಂಕರ್ ಆತು, ಇನ್ನು ಕಾರಿಗೊಂದು ತರಿಸ್ರಿ.” ಪಕ್ಕದ ಮನೆಯವರು ಶುದ್ಧ ನೀರಿನ ಘಟಕವನ್ನು ನೆನಪಿಸಿದರು. ನಾಣ್ಯ ಹಾಕಿದರೆ ಒಂದು ಕ್ಯಾನು ಬರುತ್ತದಲ್ಲ, ಸಾಕು ಎಂದು.

ಮಾರನೆಯ ದಿನ ಎಲ್ಲರೂ ಹೊನ್ನಾಳಿಗೆ ಫೋನ್ ಹಚ್ಚಿದರು. ಅಲ್ಲಿ ನಮ್ಮ ಸೋದರಮಾವ ಇದ್ದಾರೆ. ಅಂಬಾಸಿಡರ್ ಬಾಡಿಗೆ ಓಡಿಸಿಕೊಂಡೇ ಮೂವರು ಹೆಣ್ಣುಮಕ್ಕಳ ಮದುವೆ ಮಾಡಿದವರು. ಅವರ ಪ್ರಕಾರ ತುಂಗಭದ್ರೆಯ ನೀರಿಗಿಂತ ದೊಡ್ಡ ಕೂಲೆಂಟ್ ಭೂಮಿಯ ಮೇಲಿಲ್ಲ. ರೇಡಿಯೇಟರ್ ಸೋರಿದರೆ ಒಂದು ಹಿಡಿ ಅರಿಶಿನಪುಡಿ. ಅದು ತೂತಿಗೆ ಹೋಗಿ ಕಚ್ಚಿಕೊಂಡು ಊರು ಮುಟ್ಟಿಸುತ್ತದೆ. ಇದು ಬರೀ ಬಾಯಿಮಾತಲ್ಲ. ಲಾರಿಯವರು ಎಷ್ಟೋ ಕಾಲ ಹೀಗೇ ಊರು ಸೇರಿದ್ದಾರೆ. ಆದರೆ ಆ ರೇಡಿಯೇಟರಿನ ಕೊಳವೆಗಳಿಗೂ ಈ ಕಾರಿನ ಕೂದಲೆಳೆಯಂಥ ದಾರಿಗಳಿಗೂ ಸಂಬಂಧವಿಲ್ಲ. “ಅರಿಶಿನ ಹಾಕಿದ್ಮೇಲೆ ಕುಂಕುಮಾನೂ ಹಚ್ಚಿಬಿಡ್ರಿ, ಮುಗೀತು ಅದರ ಕತಿ,” ಎಂದಳು ಅಕ್ಕ.

ಕೊನೆಗೆ ಮಾವನೇ ನ್ಯಾಮತಿಯ ಗ್ಯಾರೇಜೊಂದಕ್ಕೆ ಕರೆದುಕೊಂಡು ಹೋದರು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದರೂ ಮಾವ ಒಪ್ಪಿಲ್ಲ. “ನಮ್ಮ ತಾಲ್ಲೂಕಿನ ಹುಡುಗ” ಎಂದೇ ಆ ಮೆಕ್ಯಾನಿಕ್ಕನನ್ನು ಪರಿಚಯಿಸಿದರು. ಹುಡುಗ ಬಾನೆಟ್ ಎತ್ತಲಿಲ್ಲ. ಡಿಕ್ಕಿಯಲ್ಲಿದ್ದ ಕಾರಿನ ಪುಸ್ತಕ ಕೇಳಿದ. ಭಾವ ಅದನ್ನು ಪ್ಲಾಸ್ಟಿಕ್ ಕವರ್ ಬಿಚ್ಚದೆ ಇಟ್ಟಿದ್ದರು.

“ನೇರಳೆ ಬಣ್ಣದ್ದು ಕೊಡಪ್ಪ, ಸಾಕು,” ಅಂದರು ಭಾವ.

“ಬಣ್ಣ ನೋಡಿ ಕೂಲೆಂಟ್ ತರೋದು ಅಂದ್ರೆ ಸೀರೆ ಬಣ್ಣ ನೋಡಿ ಸೊಸೆ ತಂದಂಗೆ ಗೌಡ್ರೆ,” ಅಂದ ಹುಡುಗ. ಬಣ್ಣ ಕಂಪನಿಯವರು ಬೆರೆಸುವ ಬಣ್ಣ, ಅಷ್ಟೇ. ಒಬ್ಬರ ಹಸಿರು ಇನ್ನೊಬ್ಬರ ಹಸಿರಲ್ಲ. ನೋಡಬೇಕಾದ್ದು ಪುಸ್ತಕದಲ್ಲಿ ಅಚ್ಚಾದ ನಂಬರು. ಅದೇ ನಂಬರು ಕ್ಯಾನಿನ ಬೆನ್ನ ಮೇಲೂ ಇರಬೇಕು. ತುಕ್ಕು ತಡೆಯಲು ಒಬ್ಬರು ಸಿಲಿಕೇಟ್ ಹಾಕುತ್ತಾರೆ, ಇನ್ನೊಬ್ಬರು ಫಾಸ್ಫೇಟ್, ಮತ್ತೊಬ್ಬರು ಸಾವಯವ ಆಮ್ಲ. ಒಂದಕ್ಕೊಂದು ಕೂಡದ್ದನ್ನು ಬೆರೆಸಿದರೆ ತುಕ್ಕು ತಡೆಯುವ ಗುಣವೇ ಹೋಗುತ್ತದೆ, ಕೆಲವೊಮ್ಮೆ ಗಸಿ ಕಟ್ಟುತ್ತದೆ. ಯುರೋಪಿನ ಕಾರಿನವರು ಹೆಚ್ಚಾಗಿ ಫಾಸ್ಫೇಟನ್ನು ದೂರ ಇಟ್ಟರಂತೆ. ಅವರ ಊರುಗಳ ಗಡಸು ನೀರಿನ ಸುಣ್ಣದ ಜೊತೆ ಸೇರಿ ಅದು ಗರಣೆ ಕಟ್ಟುತ್ತದೆ ಎಂಬ ಹೆದರಿಕೆ. ಜಪಾನಿನವರಿಗೆ ಸಿಲಿಕೇಟ್ ಅಂದರೆ ಆಗದು; ನೀರಿನ ಪಂಪಿನ ಸೀಲು ಸವೆಯುತ್ತದೆಂದು. ಜರ್ಮನಿಯವರಿಗೂ ಗಡಸು ನೀರಿನ ಭಯವಿದೆ ಎಂದು ಕೇಳಿ ನನಗೆ ಮೊದಲ ಸಲ ಅವರ ಮೇಲೆ ನೆಂಟಸ್ತಿಕೆಯ ಭಾವನೆ ಬಂತು.

“ನೀರು ಬೆರೆಸದೆ ಗಟ್ಟಿಯಾಗೇ ಹಾಕು, ದುಡ್ಡು ಕೊಡ್ತೀನಿ,” ಅಂದರು ಭಾವ.

“ಇದೇನು ಡೇರಿ ಹಾಲಲ್ಲ ಗೌಡ್ರೆ, ನೀರು ಬೆರೆಸಿದ್ರೇನೇ ಒಳ್ಳೇದು.” ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ಕೂಲೆಂಟಿನಲ್ಲಿರುವ ಗ್ಲೈಕಾಲ್ ಒಂದೇ ಆದರೆ ನೀರಿನಷ್ಟು ಶಾಖ ಒಯ್ಯುವುದಿಲ್ಲ. ಅರ್ಧಕ್ಕರ್ಧ ಬೆರೆಸಿದರೆ 100ರ ಬದಲು ಸುಮಾರು 108 ಡಿಗ್ರಿಗೆ ಕುದಿಯುತ್ತದೆ, ಮುಚ್ಚಳದ ಒತ್ತಡ ಸೇರಿದರೆ ಇನ್ನೂ ಮೇಲೆ. ಹೆಪ್ಪುಗಟ್ಟಬೇಕಾದರೆ ಸೊನ್ನೆಗಿಂತ 37 ಡಿಗ್ರಿ ಕೆಳಗಿಳಿಯಬೇಕು. ಈ ಕೊನೆಯ ಸೌಲಭ್ಯಕ್ಕೂ ಭಾವ ದುಡ್ಡು ಕೊಟ್ಟರು. ಡಬ್ಬಿಯ ಸೀಳಿದ ಮುಚ್ಚಳ ಬದಲಾಯಿತು. ಸೋರಿಕೆಗೆ ಅದೇ ಕಾರಣವಾಗಿತ್ತು. ನೆಲಕ್ಕೆ ಚೆಲ್ಲಿದ್ದನ್ನು ಹುಡುಗ ನೀರು ಸುರಿದು ತೊಳೆದ. ಸಿಹಿಯಾಗಿರುತ್ತದಂತೆ, ನಾಯಿ ನೆಕ್ಕಿದರೆ ಮೂತ್ರಪಿಂಡ ಹೋಗುತ್ತದಂತೆ.

ವಾರ ಕಳೆದು ಆ ಕಾರಿನಲ್ಲೇ ಜಗಳೂರಿಗೆ ಮದುವೆಗೆ ಹೋದೆವು. 1997ರಲ್ಲಿ ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿಯನ್ನೂ ಚಿತ್ರದುರ್ಗದಿಂದ ಜಗಳೂರನ್ನೂ ತಂದು ದಾವಣಗೆರೆ ಜಿಲ್ಲೆ ಮಾಡಿದವರು ನೀರನ್ನು ಮಾತ್ರ ಹಾಗೆ ಕೂಡಿಸಲಿಲ್ಲ. ಇಲ್ಲಿ ಬೋರು ಎಷ್ಟು ಆಳಕ್ಕಿಳಿದರೂ ಸಿಗುವುದು ಸವಳು, ಜೊತೆಗೆ ಫ್ಲೋರೈಡು. ಕೊಡದ ಅಂಚಿಗೆ ಬಿಳಿ ಗರಣೆ ಉಗುರಿನಿಂದ ಕೆರೆದರೂ ಬಾರದಷ್ಟು ಗಟ್ಟಿ. ಕಾರಿನ ಪಥ್ಯದ ಕತೆ ಕೇಳಿ ದೊಡ್ಡಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಹುಟ್ಟಿದಾಗಿಂದ ಇದೇ ನೀರು ಕುಡ್ದೀವಿ. ನಮಗೇನಾಗೇತಿ?”

ನಕ್ಕಾಗ ಕಂಡ ಹಲ್ಲುಗಳ ಮೇಲೆ ಕಂದು ಗೆರೆಗಳು ಅಡ್ಡಡ್ಡ ಇದ್ದವು. ಏಳುವಾಗ ಮೊಣಕಾಲು ಹಿಡಿದುಕೊಂಡೇ ಎದ್ದರು. ನಾವ್ಯಾರೂ ಉತ್ತರ ಕೊಡಲಿಲ್ಲ.

ದೊಡ್ಡಮ್ಮ ಮಾತ್ರ ಡಿಕ್ಕಿಯಲ್ಲಿದ್ದ ಡಿಸ್ಟಿಲ್ಡ್ ವಾಟರಿನ ಕ್ಯಾನು ನೋಡಿಬಿಟ್ಟಿದ್ದರು. ಅದರಲ್ಲಿ ಉಪ್ಪು ಸುಣ್ಣ ಏನೂ ಇಲ್ಲವೇ ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

“ಹಂಗಾರೆ ಇಲ್ಲೇ ಇಟ್ಟು ಹೋಗಪ್ಪ. ಈ ನೀರಾಗೆ ತೊಗರಿಬೇಳೆ ಬೇಯಂಗಿಲ್ಲ, ಕುಕ್ಕರು ಕೂಗಿ ಕೂಗಿ ಗ್ಯಾಸು ಖಾಲಿ ಆಗ್ತೈತಿ.”

“ಅಯ್ಯೋ, ಅದು ಬ್ಯಾಟರಿ ನೀರು, ಅಡಿಗೆಗೆ ಹಾಕಬಾರ್ದು ದೊಡ್ಡಮ್ಮ,” ಅಂದರು ಭಾವ.

“ಕಾರು ಕುಡಿಯೋ ನೀರು ನಮಗಾಗಂಗಿಲ್ಲೇನು?”

ಭಾವ ಡಿಕ್ಕಿ ಮುಚ್ಚಿದರು. ಒಂದೇ ಸಲ, ಸದ್ದಾಗದಂತೆ.